ನಿರ್ದೇಶಕರಾಗಿ ವಿಶ್ವೇಶ್ವರಯ್ಯನವರು

ಕನ್ನಂಬಾಡಿಯ ಕಟ್ಟೆಯ ಮೇಲೆ ನಿಂತು ಕಾವೇರಿಯ ನೀರನ್ನು ಕಂಡವರೆಲ್ಲರೂ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ. ಅವರು ಎಂಜಿನಿಯರಾಗಿ ಮಾಡಿದ ಕೆಲಸಗಳು, ದಿವಾನರಾಗಿ ಸ್ಥಾಪಿಸಿದ ಬ್ಯಾಂಕು, ವಿಶ್ವವಿದ್ಯಾನಿಲಯ ಇವುಗಳ ವಿಷಯವನ್ನು ನೀವು ಕೆಳಗಿನ ತರಗತಿಗಳಲ್ಲಿ ಓದಿಯೇ ಇರುತ್ತೀರಿ. ಸರ್ಕಾರದ ಕೆಲಸಕ್ಕೊಂದು ಮೊಂಬತ್ತಿ, ಸ್ವಂತ ಕೆಲಸಕ್ಕೊಂದು ಮೊಂಬತ್ತಿ ಉರಿಸುತ್ತಿದ್ದರೆಂಬ ಕಥೆಯನ್ನಂತೂ ಕೇಳದ ಮಗುವೇ ನಮ್ಮ ನಾಡಿನಲ್ಲಿ ಇರಲಾರದು. ಅದನ್ನು ನಾನು ಮತ್ತೆ ಹೇಳಹೊರಟಿಲ್ಲ. ಅವರ ಬಾಳಿನಲ್ಲಿ ಜನ ಅಷ್ಟಾಗಿ ಗಮನಿಸದ ಇನ್ನೊಂದು ಭಾಗವಿದೆ. ದಿವಾನಗಿರಿಯನ್ನು ಬಿಟ್ಟ ಮೇಲೆ ಅವರು ನಲವತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿದ್ದರು. ಆ ದೀರ್ಘಕಾಲದಲ್ಲಿ ಅವರು ಮಾಡಿದ ಕೆಲಸದ ದೊಡ್ಡ ಪಾಲು ನಡೆದದ್ದು ಅಣೆಕಟ್ಟೆಯ ಮೇಲಲ್ಲ, ಅರಮನೆಯಲ್ಲಲ್ಲ. ಒಂದು ಉದ್ದನೆಯ ಮೇಜಿನ ಸುತ್ತ ಕೆಲವರು ಕುಳಿತು ಲೆಕ್ಕಪತ್ರಗಳನ್ನು ಪರಿಶೀಲಿಸುವ ಸಭಾಕೊಠಡಿಗಳಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅವರು 1923ರಿಂದ 1929ರವರೆಗೆ ಅಧ್ಯಕ್ಷರಾಗಿದ್ದರು. ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ 1927ರಿಂದ 1955ರವರೆಗೆ ಸದಸ್ಯರಾಗಿದ್ದರು.

ನಿರ್ದೇಶಕ ಮಂಡಳಿ ಎಂದರೇನು? ಅದರ ಕೆಲಸವೇನು? ಇದನ್ನು ತಿಳಿಯಲು ಒಂದು ಸಣ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಊರಿನಲ್ಲಿ ನೂರು ಜನ ಸೇರಿ ತಲೆಗಿಷ್ಟೆಂದು ಹಣ ಹಾಕಿ ಅಕ್ಕಿಯ ಗಿರಣಿಯೊಂದನ್ನು ತೆರೆದರೆನ್ನಿ. ಗಿರಣಿಗೆ ನೂರು ಜನರೂ ಒಡೆಯರೇ. ಆದರೆ ನೂರು ಜನರೂ ದಿನವೂ ಗಿರಣಿಯಲ್ಲಿ ಕುಳಿತು ಅಪ್ಪಣೆ ಕೊಡತೊಡಗಿದರೆ ಒಂದು ಸೇರು ಭತ್ತವೂ ಅಕ್ಕಿಯಾಗದು. ಆದುದರಿಂದ ಅವರು ಗಿರಣಿಯನ್ನು ನಡೆಸಲು ಒಬ್ಬ ವ್ಯವಸ್ಥಾಪಕನನ್ನು ನೇಮಿಸಬೇಕಾಗುತ್ತದೆ. ಆಗ ಇನ್ನೊಂದು ಚಿಂತೆ ಹುಟ್ಟುತ್ತದೆ. ಹಣ ನೂರು ಜನರದು, ಬೀಗದ ಕೈ ಒಬ್ಬನದು. ಅವನು ಸರಿಯಾಗಿ ನಡೆದುಕೊಳ್ಳುತ್ತಿದ್ದಾನೆಯೇ ಎಂದು ನೋಡುವವರು ಯಾರು? ಇದಕ್ಕಾಗಿ ಆ ನೂರು ಜನ ತಮ್ಮೊಳಗಿನಿಂದಲೋ ಹೊರಗಿನಿಂದಲೋ ಐದಾರು ಮಂದಿ ತಿಳಿದವರನ್ನು ಆರಿಸುತ್ತಾರೆ. ಈ ಐದಾರು ಮಂದಿಯೇ ನಿರ್ದೇಶಕರು. ಗಿರಣಿಯ ಒಡೆಯರಾದ ನೂರು ಜನ ಷೇರುದಾರರು. ಭತ್ತವನ್ನು ತೂಗುವುದು ನಿರ್ದೇಶಕರ ಕೆಲಸವಲ್ಲ. ವ್ಯವಸ್ಥಾಪಕನನ್ನು ನೇಮಿಸುವುದು, ಅವನು ತಪ್ಪಿದರೆ ತೆಗೆದುಹಾಕುವುದು, ವರ್ಷದ ಲೆಕ್ಕವನ್ನು ಪರಿಶೀಲಿಸಿ ಒಡೆಯರ ಮುಂದಿಡುವುದು, ಬಂದ ಲಾಭದಲ್ಲಿ ಹಂಚಬೇಕಾದದ್ದೆಷ್ಟು, ಕೂಡಿಡಬೇಕಾದದ್ದೆಷ್ಟು ಎಂದು ಹೇಳುವುದು, ಮುಂದಿನ ವರ್ಷಗಳಲ್ಲಿ ಗಿರಣಿ ಅಕ್ಕಿಯನ್ನಷ್ಟೇ ಮಾಡಬೇಕೋ ಎಣ್ಣೆಯ ಗಾಣವನ್ನೂ ಹಾಕಬೇಕೋ ಎಂಬುದನ್ನು ತೀರ್ಮಾನಿಸುವುದು, ಇವು ಅವರ ಕೆಲಸ.

ಹೇಳಲು ಇದು ಸುಲಭ, ನಡೆಸಲು ಕಷ್ಟ. ನಿರ್ದೇಶಕರು ಎರಡು ಬಗೆಯಲ್ಲಿ ಕೆಡುವುದುಂಟು. ವ್ಯವಸ್ಥಾಪಕ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕಿ, ಕಾಫಿ ಕುಡಿದು ಎದ್ದುಹೋಗುವವರು ಒಂದು ಬಗೆ. ವ್ಯವಸ್ಥಾಪಕನ ಕೈಯನ್ನು ಹಿಡಿದು ಅವನ ಕೆಲಸವನ್ನೆಲ್ಲ ತಾವೇ ಮಾಡಹೋಗಿ, ಕೊನೆಗೆ ತಪ್ಪು ಯಾರದೆಂದು ಯಾರಿಗೂ ತಿಳಿಯದಂತೆ ಮಾಡುವವರು ಇನ್ನೊಂದು ಬಗೆ. ವಿಶ್ವೇಶ್ವರಯ್ಯನವರಂತಹ ಎಂಜಿನಿಯರಿಗೆ ಈ ಎರಡನೆಯ ಅಪಾಯವೇ ಹೆಚ್ಚು. ಜೀವಮಾನವಿಡೀ ಪ್ರತಿಯೊಂದು ಕಲ್ಲನ್ನೂ ಪ್ರತಿಯೊಂದು ಅಳತೆಯನ್ನೂ ತಾವೇ ನೋಡಿ ಅಭ್ಯಾಸವಾದವರು ಸುಮ್ಮನೆ ಕುಳಿತು ಪ್ರಶ್ನೆ ಕೇಳುವ ಕೆಲಸಕ್ಕೆ ಒಗ್ಗಿಕೊಂಡದ್ದು ಹೇಗೆ ಎಂಬುದೇ ಅವರ ಉತ್ತರಾರ್ಧದ ಜೀವನದಲ್ಲಿ ಸ್ವಾರಸ್ಯವಾದ ಸಂಗತಿ.

ಅವರ ಪೂರ್ವಜೀವನವನ್ನು ಸಂಕ್ಷೇಪವಾಗಿ ನೆನೆದುಕೊಂಡರೆ ಸಾಕು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ಅವರು ಜನಿಸಿದರು. ಹುಟ್ಟಿದ ವರ್ಷವನ್ನು 1860 ಎಂದು ಬರೆಯುವವರೂ ಇದ್ದಾರೆ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚನ್ನು ಸಾಗಿಸುತ್ತಿದ್ದರು. ಕಾಸು ಕಾಸಿಗೂ ಲೆಕ್ಕವಿಡುವ ಅಭ್ಯಾಸ ಅವರಿಗೆ ಆ ದಿನಗಳಲ್ಲಿಯೇ ಬಂದಿರಬೇಕು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅಲ್ಲಿ ಒಳ್ಳೆಯ ಹೆಸರನ್ನು ಗಳಿಸಿದರು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದು, 1912ರಲ್ಲಿ ದಿವಾನರಾದರು. ಆ ಪದವಿಯನ್ನು ಒಪ್ಪಿಕೊಳ್ಳುವ ಮುನ್ನ ಬಂಧುಗಳನ್ನು ಕರೆದು, ಯಾರೂ ತಮ್ಮ ಬಳಿಗೆ ಶಿಫಾರಸು ಹಿಡಿದು ಬರಬಾರದೆಂದು ಮಾತು ತೆಗೆದುಕೊಂಡರೆಂದು ಪ್ರಸಿದ್ಧಿಯಿದೆ. ಪರರ ಹಣವನ್ನು ನೋಡಿಕೊಳ್ಳುವವನಿಗೆ ಮೊದಲು ಬೇಕಾದ ಗುಣ ಇದು. ಜಾಣ್ಮೆ ಅನಂತರದ್ದು.

ದಿವಾನರಾಗಿದ್ದಾಗ ಅವರಿಗೆ ಒಂದು ಕೊರತೆ ಎದ್ದು ಕಾಣುತ್ತಿತ್ತು. ಮೈಸೂರು ಸೀಮೆಯಲ್ಲಿ ಹಣವಿದ್ದವರು ಇದ್ದರು, ಕೆಲಸ ಬಲ್ಲವರೂ ಇದ್ದರು. ಆದರೆ ಅಪರಿಚಿತರಾದ ಹತ್ತು ಜನ ನಂಬಿಕೆಯಿಂದ ಒಟ್ಟುಗೂಡಿ ಒಂದು ಉದ್ಯಮವನ್ನು ನಡೆಸುವ ಪದ್ಧತಿ ಬೇರೂರಿರಲಿಲ್ಲ. ಜನ ಹಣವನ್ನು ನೆಲದಲ್ಲಿ ಹೂಳುತ್ತಿದ್ದರು, ಇಲ್ಲವೆ ಒಡವೆ ಮಾಡಿಸುತ್ತಿದ್ದರು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪನೆಯಾದದ್ದು ಈ ಕೊರತೆಯನ್ನು ನೀಗುವುದಕ್ಕಾಗಿ. ಅದಕ್ಕೆ ಸರ್ಕಾರದ ಬೆಂಬಲವಿತ್ತಾದರೂ ಅದು ಸರ್ಕಾರದ ಇಲಾಖೆಯಾಗಿರಲಿಲ್ಲ. ಷೇರುದಾರರುಳ್ಳ, ನಿರ್ದೇಶಕರುಳ್ಳ ಒಂದು ಕಂಪನಿಯಾಗಿತ್ತು. ಆ ಬ್ಯಾಂಕು ನೂರು ವರ್ಷಗಳನ್ನು ದಾಟಿ ಬಾಳಿ, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿ ಹುಟ್ಟಿದ್ದೂ ಅವರ ಪ್ರೇರಣೆಯಿಂದಲೇ.

ಇದೇ ಕಾಲದಲ್ಲಿ ಅವರು ಕಂಡ ದೊಡ್ಡ ಕನಸು ಕಬ್ಬಿಣದ ಕಾರ್ಖಾನೆ. ಬಾಬಾಬುಡನ್‌ಗಿರಿಯ ಶ್ರೇಣಿಯಲ್ಲಿರುವ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇತ್ತು. ಸುಣ್ಣಕಲ್ಲು ಹತ್ತಿರದಲ್ಲಿಯೇ ದೊರೆಯುತ್ತಿತ್ತು. ನೀರಿಗೆ ಭದ್ರಾ ನದಿ ಇತ್ತು. ಇಲ್ಲದ್ದೆಂದರೆ ಕಲ್ಲಿದ್ದಲು. ಅದಿರನ್ನು ಕರಗಿಸಲು ಕಲ್ಲಿದ್ದಲಿಗೆ ಬದಲಾಗಿ ಮಲೆನಾಡಿನ ಕಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಿ ಬಳಸುವುದೆಂದೂ, ಮರವನ್ನು ಸುಡುವಾಗ ಹೊರಡುವ ಹೊಗೆಯಿಂದ ಮದ್ಯಸಾರ, ಟಾರು ಮುಂತಾದ ಪದಾರ್ಥಗಳನ್ನು ಇಳಿಸಿ ಮಾರುವುದೆಂದೂ ಯೋಜನೆ ಸಿದ್ಧವಾಯಿತು. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯನ್ನು ಇದಕ್ಕೆ ಆರಿಸಲಾಯಿತು. ಅಷ್ಟರಲ್ಲಿ ಧೋರಣೆಯ ಭಿನ್ನಾಭಿಪ್ರಾಯದಿಂದ ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ದಿವಾನಗಿರಿಯನ್ನು ತ್ಯಜಿಸಿದರು. ಕಾರ್ಖಾನೆಯನ್ನು ಕಟ್ಟುವ ಹೊಣೆ ಬೇರೆಯವರ ಪಾಲಿಗೆ ಬಂತು.

ಮುಂದಿನ ಕಥೆ ಸಂತೋಷದ್ದಲ್ಲ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಯಂತ್ರಗಳ ಬೆಲೆ ಏರಿ, ವೆಚ್ಚ ಅಂದಾಜನ್ನು ಮೀರಿಹೋಯಿತು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ದುಬಾರಿಯಾಗಿ ಕಟ್ಟಿದ ಕಾರ್ಖಾನೆ ಅಗ್ಗದ ಪದಾರ್ಥವನ್ನು ಮಾಡಿ ಮಾರಬೇಕಾಯಿತು. ಹೆಚ್ಚು ಉತ್ಪಾದಿಸಿದಷ್ಟೂ ಹೆಚ್ಚು ನಷ್ಟವಾಗುವ ವಿಪರೀತ ಸ್ಥಿತಿ ಒದಗಿತು. ಸರ್ಕಾರದ ಬೊಕ್ಕಸದ ಹಣ, ಎಂದರೆ ಬಡ ರೈತನ ಕಂದಾಯದ ಹಣ, ಕುಲುಮೆಯಲ್ಲಿ ಉರಿದುಹೋಗುತ್ತಿದೆ ಎಂದು ಜನ ಆಡಿಕೊಳ್ಳತೊಡಗಿದರು. ಇದನ್ನು ಬಿಳಿಯಾನೆ ಎಂದವರಿದ್ದರು. ಮುಚ್ಚಿಬಿಡುವುದೇ ಲೇಸೆಂದವರೂ ಇದ್ದರು. ಅವರೆಲ್ಲ ಹೊಟ್ಟೆಕಿಚ್ಚಿನ ಜನರೆಂದು ನಾವು ತಿಳಿಯಬಾರದು. ಅವರ ಮಾತಿನಲ್ಲಿಯೂ ಲೆಕ್ಕವಿತ್ತು.

ಇಂತಹ ಹೊತ್ತಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳುವಂತೆ ವಿಶ್ವೇಶ್ವರಯ್ಯನವರನ್ನು ಕೇಳಿತು. ಅವರಿಗೆ ಆಗ ಅರವತ್ತು ದಾಟಿತ್ತು. ಒಪ್ಪದಿದ್ದರೆ ಅವರನ್ನು ಯಾರೂ ದೂರುವಂತಿರಲಿಲ್ಲ. ಕಾರ್ಖಾನೆ ಉಳಿದರೆ ಹೆಸರು ಎಲ್ಲರಿಗೂ ಹಂಚಿಹೋಗುತ್ತದೆ, ಮುಳುಗಿದರೆ ಕನಸು ಕಂಡವರ ತಲೆಯ ಮೇಲೆಯೇ ಬೀಳುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಅವರು ಒಪ್ಪಿಕೊಂಡರು.

ಮಂಡಳಿಯ ಮುಂದೆ ಅಂದು ಇದ್ದ ಪ್ರಶ್ನೆಗಳು ಯಾವುವು? ಮೊದಲನೆಯದು, ಕಾರ್ಖಾನೆಯನ್ನು ಯಾರು ನಡೆಸಬೇಕು? ಕುಲುಮೆಯ ವಿದ್ಯೆ ನಮ್ಮವರಿಗೆ ಹೊಸದಾದುದರಿಂದ ಮುಖ್ಯ ಸ್ಥಾನಗಳಲ್ಲಿ ಹೆಚ್ಚಿನ ಸಂಬಳದ ವಿದೇಶೀಯರಿದ್ದರು. ಅವರನ್ನು ಒಮ್ಮೆಗೇ ಕಳುಹಿಸಿದರೆ ಕುಲುಮೆ ಆರುತ್ತದೆ. ಇಟ್ಟುಕೊಂಡೇ ಇದ್ದರೆ ಖರ್ಚು ಆರುವುದಿಲ್ಲ. ಮಂಡಳಿ ನಡುವಿನ ದಾರಿಯನ್ನು ಹಿಡಿಯಿತು. ಈ ನಾಡಿನ ಯುವಕ ಎಂಜಿನಿಯರುಗಳನ್ನು ಅವರ ಪಕ್ಕದಲ್ಲಿ ನಿಲ್ಲಿಸಿ, ಕೆಲಸವನ್ನು ಕಲಿಸಿ, ಒಂದೊಂದಾಗಿ ಸ್ಥಾನಗಳನ್ನು ಅವರಿಗೆ ಒಪ್ಪಿಸುತ್ತ ಬಂದಿತು.

ಎರಡನೆಯದು, ಏನನ್ನು ಮಾಡಿ ಮಾರಬೇಕು? ಇದು ಮೊದಲನೆಯದಕ್ಕಿಂತ ಆಳವಾದ ಪ್ರಶ್ನೆ. ಕಚ್ಚಾ ಕಬ್ಬಿಣದ ಬೆಲೆಯನ್ನು ನಿರ್ಧರಿಸುವುದು ಭದ್ರಾವತಿಯಲ್ಲ, ದೂರದೇಶಗಳ ಪೇಟೆ. ಅಲ್ಲಿ ಬೆಲೆ ಬಿದ್ದರೆ ಇಲ್ಲಿ ಎಷ್ಟು ಚೆನ್ನಾಗಿ ದುಡಿದರೂ ಪ್ರಯೋಜನವಿಲ್ಲ. ಆದರೆ ಅದೇ ಕಬ್ಬಿಣವನ್ನು ಎರಕ ಹೊಯ್ದು ಕೊಳವೆಯನ್ನಾಗಿ ಮಾಡಿದರೆ, ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದ ನಮ್ಮ ನಗರಗಳೇ ಗಿರಾಕಿಗಳಾಗುತ್ತವೆ. ಹೀಗೆ ಕೊಳವೆಯ ಎರಕದ ವಿಭಾಗ ಆರಂಭವಾಯಿತು. ಕುಲುಮೆಯ ಮುಂದೆ ಬೆವರು ಸುರಿಸುವವನು ಎಷ್ಟೇ ನಿಪುಣನಾಗಿರಲಿ, ಈ ಬಗೆಯ ತೀರ್ಮಾನ ಅವನಿಂದ ಆಗುವಂಥದಲ್ಲ. ಒಂದಷ್ಟು ದೂರದಲ್ಲಿ ಕುಳಿತು, ಪೇಟೆ, ಬಂಡವಾಳ, ಕಾಲ ಇವುಗಳನ್ನೆಲ್ಲ ಒಟ್ಟಿಗೆ ನೋಡುವವರು ಬೇಕು. ಮಂಡಳಿ ಇರುವುದು ಇದಕ್ಕಾಗಿ.

ಮೂರನೆಯದು ಸರ್ಕಾರ ಮತ್ತು ಕಾರ್ಖಾನೆಗಳ ಸಂಬಂಧ. ಸರ್ಕಾರದ ಕಚೇರಿಯಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳಾದರೂ ಆಕಾಶ ಕಳಚಿ ಬೀಳುವುದಿಲ್ಲ. ಕುಲುಮೆಗೆ ಆ ತಾಳ್ಮೆಯಿಲ್ಲ. ಅದಿರು ತಡವಾದರೆ, ಇದ್ದಿಲು ತಡವಾದರೆ, ಅದು ಕಾಯುವುದಿಲ್ಲ. ಆದುದರಿಂದ ದಿನನಿತ್ಯದ ವ್ಯವಹಾರದಲ್ಲಿ ಕಾರ್ಖಾನೆಗೆ ಸ್ವಾತಂತ್ರ್ಯವಿರಬೇಕು. ಆದರೆ ಹಣ ಪ್ರಜೆಗಳದಾದುದರಿಂದ ಲೆಕ್ಕ ಒಪ್ಪಿಸುವ ಹೊಣೆಯೂ ಇರಬೇಕು. ಇವೆರಡರ ನಡುವೆ ನಿಂತು, ಒಂದು ಕಡೆ ಸರ್ಕಾರದ ಕೈ ಅತಿಯಾಗಿ ಚಾಚದಂತೆಯೂ ಇನ್ನೊಂದು ಕಡೆ ಕಾರ್ಖಾನೆಯವರು ಲೆಕ್ಕ ತಪ್ಪದಂತೆಯೂ ನೋಡಿಕೊಳ್ಳುವುದು ಮಂಡಳಿಯ ಕರ್ತವ್ಯವಾಗಿತ್ತು. ಅಂಕಿ ಅಂಶಗಳಿಲ್ಲದ ಮಾತಿಗೆ ವಿಶ್ವೇಶ್ವರಯ್ಯನವರು ಕಿವಿಗೊಡುತ್ತಿರಲಿಲ್ಲ. ಇದೇ ವರ್ಷಗಳಲ್ಲಿ, 1925ರಲ್ಲಿ, ಭಾರತ ಸರ್ಕಾರ ನೇಮಿಸಿದ ಆರ್ಥಿಕ ವಿಚಾರಣಾ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. ದೇಶದ ಸಂಪತ್ತೆಷ್ಟು, ಆದಾಯವೆಷ್ಟು ಎಂಬುದನ್ನು ಅಳೆಯುವ ಕ್ರಮವಾವುದೆಂದು ವಿಚಾರ ಮಾಡುವುದು ಆ ಸಮಿತಿಯ ಕೆಲಸ. ಒಂದು ಕಾರ್ಖಾನೆಗೆ ಬೇಕಾದ ಲೆಕ್ಕ ಇಡೀ ದೇಶಕ್ಕೂ ಬೇಕೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಅವರು 1929ರಲ್ಲಿ ಅಧ್ಯಕ್ಷತೆಯನ್ನು ಬಿಡುವ ವೇಳೆಗೆ ನಷ್ಟ ತಗ್ಗಿತ್ತು, ಮುಚ್ಚುವ ಮಾತು ಹಿಂದೆ ಸರಿದಿತ್ತು. ಹಾಕಿದ ಬಂಡವಾಳದ ಬಡ್ಡಿಯನ್ನೆಲ್ಲ ಲೆಕ್ಕ ಹಿಡಿದರೆ ಕಾರ್ಖಾನೆ ಲಾಭದಾಯಕವಾಯಿತೆಂದು ಹೇಳುವಂತಿರಲಿಲ್ಲ. ಇದನ್ನು ಮರೆಮಾಚಿ ಬರೆಯುವುದು ಲೆಕ್ಕವನ್ನೇ ಪೂಜಿಸಿದ ಆ ಮಹನೀಯರಿಗೆ ಮಾಡುವ ಗೌರವವಲ್ಲ. ಇನ್ನೊಂದು ಲೆಕ್ಕವನ್ನಂತೂ ಅಂದಿನ ಯಾವ ಮಂಡಳಿಯೂ ಇಡಲಿಲ್ಲ. ಇದ್ದಿಲಿಗಾಗಿ ಮಲೆನಾಡಿನ ಕಾಡುಗಳಲ್ಲಿ ಉರುಳಿದ ಮರಗಳ ಬೆಲೆ ಯಾವ ವರ್ಷದ ಜಮಾಖರ್ಚಿನಲ್ಲಿಯೂ ಪೂರ್ತಿಯಾಗಿ ಕಾಣಿಸಿಕೊಂಡಿಲ್ಲ. ಮರ ಕಡಿದರೆ ಮತ್ತೆ ಬೆಳೆಯುತ್ತದೆಂದು ಆ ಕಾಲದ ಬುದ್ಧಿವಂತರೆಲ್ಲರೂ ತಿಳಿದಿದ್ದರು. ಆದರೂ ಅಂದು ಮುಚ್ಚಿದ್ದರೆ, 1936ರಲ್ಲಿ ಅಲ್ಲಿ ಉಕ್ಕಿನ ಘಟಕ ಬರುತ್ತಿರಲಿಲ್ಲ. ಅದರ ಹಿಂದೆಯೇ ಸಿಮೆಂಟಿನ ಘಟಕ ಬರುತ್ತಿರಲಿಲ್ಲ. ಕಬ್ಬಿಣದ ಕೆಲಸವನ್ನು ಬಲ್ಲ ಸಾವಿರಾರು ಕನ್ನಡಿಗರ ಒಂದು ತಲೆಮಾರು ಸಿದ್ಧವಾಗುತ್ತಿರಲಿಲ್ಲ.

ಆ ವರ್ಷಗಳ ದುಡಿಮೆಗೆ ಅವರು ಆಗಿಂದಾಗಲೇ ಸಂಬಳ ತೆಗೆದುಕೊಂಡಿರಲಿಲ್ಲ. ಸರ್ಕಾರ ಅದನ್ನು ಕೊಡಲು ಮುಂದಾದಾಗ, ಆ ಹಣವನ್ನು ಕೈಕಸಬು ಕಲಿಸುವ ಒಂದು ಶಾಲೆಗೆ ವಿನಿಯೋಗಿಸುವಂತೆ ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೃತ್ತಿ ಶಿಕ್ಷಣ ಸಂಸ್ಥೆಗೆ ಆ ಹಣ ಸಂದಿತು. ಸಂಸ್ಥೆಗೆ ತಮ್ಮ ಹೆಸರನ್ನಿಡುವುದು ಬೇಡವೆಂದು ಹೇಳಿ ಮಹಾರಾಜರ ಹೆಸರನ್ನೇ ಇಡಿಸಿದರು. ಶ್ರೀ ಜಯಚಾಮರಾಜೇಂದ್ರರ ಹೆಸರಿನ ಆ ಸಂಸ್ಥೆಯಿಂದ ಹೊರಬಂದ ಹುಡುಗರು ನಾಡಿನ ಎಷ್ಟೋ ಕಾರ್ಖಾನೆಗಳಲ್ಲಿ ದುಡಿದಿದ್ದಾರೆ.

ಈಗ ಟಾಟಾ ಕಂಪನಿಯ ಕಡೆಗೆ ತಿರುಗೋಣ. ಭದ್ರಾವತಿಯ ಕಾರ್ಖಾನೆಗೆ ಒಡೆಯ ಸರ್ಕಾರವಾದರೆ, ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಗೆ ಒಡೆಯರು ಸಾವಿರಾರು ಜನ. ಸ್ವದೇಶಿ ಚಳವಳಿಯ ಉತ್ಸಾಹವಿದ್ದ 1907ರಲ್ಲಿ ಆ ಕಂಪನಿ ಹುಟ್ಟಿದಾಗ, ಸುಮಾರು ಎಂಟು ಸಾವಿರ ಭಾರತೀಯರು ಮೂರೇ ವಾರಗಳಲ್ಲಿ 16 ಲಕ್ಷ 30 ಸಾವಿರ ಪೌಂಡುಗಳಷ್ಟು ಬಂಡವಾಳವನ್ನು ಒದಗಿಸಿದ್ದರು. 1912ರಲ್ಲಿ ಅಲ್ಲಿ ಮೊದಲ ಉಕ್ಕು ತಯಾರಾಯಿತು. ಭದ್ರಾವತಿಯನ್ನು ಕಾಡಿದ ಶನಿ ಈ ಕಂಪನಿಯನ್ನೂ ಬಿಡಲಿಲ್ಲ. ಯುದ್ಧಾನಂತರ ಹೊರದೇಶದ ಅಗ್ಗದ ಉಕ್ಕು ಭಾರತದ ಪೇಟೆಗೆ ನುಗ್ಗಿತು. ಕಾರ್ಖಾನೆಯ ವಿಸ್ತರಣೆಗೆ ಮಾಡಿದ ಸಾಲ ತಲೆಯ ಮೇಲಿತ್ತು. 1924ರಲ್ಲಿ ಕಾರ್ಮಿಕರಿಗೆ ಸಂಬಳ ಕೊಡುವುದಕ್ಕೂ ಹಣವಿಲ್ಲದಂತಾದಾಗ, ಅಧ್ಯಕ್ಷರಾದ ಸರ್ ದೊರಾಬ್ಜಿ ಟಾಟಾ ಅವರು ಪತ್ನಿಯ ಒಡವೆಗಳೂ ಸೇರಿ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಕಂಪನಿಯ ಕಾನೂನಿನ ಪ್ರಕಾರ ಅವರು ಹಾಗೆ ಮಾಡಬೇಕಾದ ಕಟ್ಟಿರಲಿಲ್ಲ. ಅದೇ ವರ್ಷ ಸರ್ಕಾರ ಆಮದಿನ ಉಕ್ಕಿನ ಮೇಲೆ ಸಂರಕ್ಷಣಾ ಸುಂಕ ವಿಧಿಸಿತು. ಕಂಪನಿ ಉಸಿರಾಡತೊಡಗಿತು.

ಇದಾದ ಮೂರು ವರ್ಷಗಳಿಗೆ ವಿಶ್ವೇಶ್ವರಯ್ಯನವರು ಆ ಮಂಡಳಿಯನ್ನು ಸೇರಿದರು. ಅಲ್ಲಿನ ಸ್ಥಾನ ಭದ್ರಾವತಿಯದಕ್ಕಿಂತ ಬೇರೆ ಬಗೆಯದು. ಭದ್ರಾವತಿಯಲ್ಲಿ ಅವರು ಅಧ್ಯಕ್ಷರು. ಕೊನೆಯ ಮಾತು ಅವರದು. ಇಲ್ಲಿ ಅವರು ಹಲವರಲ್ಲಿ ಒಬ್ಬರು. ಅಲ್ಲದೆ ಆ ಕಾಲದಲ್ಲಿ ನಮ್ಮ ದೇಶದ ದೊಡ್ಡ ಕಂಪನಿಗಳೆಲ್ಲ ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯಲ್ಲಿ ನಡೆಯುತ್ತಿದ್ದವು. ಕಂಪನಿಗೆ ಷೇರುದಾರರು ಎಷ್ಟೇ ಇರಲಿ, ಅದನ್ನು ನಡೆಸುವ ಹಕ್ಕನ್ನು ಕರಾರಿನ ಮೂಲಕ ಒಂದು ಸಂಸ್ಥೆಗೆ ಒಪ್ಪಿಸಿಬಿಡುತ್ತಿದ್ದರು. ಉಕ್ಕಿನ ಕಂಪನಿಗೆ ಇಂತಹ ಏಜೆಂಟರು ಟಾಟಾ ಸನ್ಸ್ ಸಂಸ್ಥೆಯವರು. ಈ ಪದ್ಧತಿಯಿಂದ ಉಪಕಾರವೂ ಆಯಿತು, ಅಪಕಾರವೂ ಆಯಿತು. ಹಣ ಮತ್ತು ಅನುಭವವುಳ್ಳ ಮನೆತನಗಳು ಹೊಸ ಉದ್ಯಮಗಳಿಗೆ ಬೆನ್ನೆಲುಬಾದವು. ಆದರೆ ಎಷ್ಟೋ ಕಂಪನಿಗಳಲ್ಲಿ ನಿರ್ದೇಶಕ ಮಂಡಳಿ ಹೆಸರಿಗೆ ಮಾತ್ರ ಉಳಿದು, ಏಜೆಂಟರ ಮಾತಿಗೆ ತಲೆದೂಗುವ ಕೂಟವಾಯಿತು. 1936ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಏಜೆಂಟರ ಅಧಿಕಾರಕ್ಕೆ ಕಡಿವಾಣ ಬಿತ್ತು. 1970ರಲ್ಲಿ ಆ ಪದ್ಧತಿಯನ್ನೇ ರದ್ದು ಮಾಡಲಾಯಿತು. ಇಂತಹ ವ್ಯವಸ್ಥೆಯ ನಡುವೆ ಟಾಟಾ ಮನೆತನಕ್ಕೆ ಸೇರದ, ವ್ಯಾಪಾರವನ್ನು ಕುಲವೃತ್ತಿಯಾಗಿ ಪಡೆಯದ, ಸರ್ಕಾರಿ ಕೆಲಸದಿಂದ ಬಂದ ಒಬ್ಬ ಎಂಜಿನಿಯರು ಮಂಡಳಿಯಲ್ಲಿ ಕುಳಿತದ್ದು ಗಮನಾರ್ಹವಾದ ಸಂಗತಿ. ಹೊರಗಿನವನ ಕಣ್ಣಿಗೆ ಮನೆಯವರಿಗೆ ಕಾಣದ ಬಿರುಕು ಕಾಣುತ್ತದೆ. 2013ರ ಕಂಪನಿ ಕಾನೂನು ಪೇಟೆಯಲ್ಲಿ ಷೇರು ಮಾರುವ ಕಂಪನಿಗಳ ಮಂಡಳಿಯಲ್ಲಿ ಕಡೆಯ ಪಕ್ಷ ಮೂರರಲ್ಲೊಂದು ಪಾಲು ಸ್ವತಂತ್ರ ನಿರ್ದೇಶಕರಿರಬೇಕೆಂದು ವಿಧಿಸಿರುವುದು ಈ ಕಾರಣಕ್ಕಾಗಿಯೇ. ವಿಶ್ವೇಶ್ವರಯ್ಯನವರ ಕಾಲಕ್ಕೆ ಅಂತಹ ವಿಧಿಯೂ ಇರಲಿಲ್ಲ, ಆ ಹೆಸರೂ ಇರಲಿಲ್ಲ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಬಹುದು. 1927ರಿಂದ 1929ರವರೆಗೆ ಅವರು ಭದ್ರಾವತಿಗೂ ಅಧ್ಯಕ್ಷರು, ಟಾಟಾ ಕಂಪನಿಗೂ ನಿರ್ದೇಶಕರು. ಎರಡೂ ಕಬ್ಬಿಣವನ್ನು ಮಾಡುವ ಕಾರ್ಖಾನೆಗಳೇ. ಎರಡು ಅಂಗಡಿಗಳ ಗುಟ್ಟನ್ನು ಒಬ್ಬರೇ ತಿಳಿದಿರುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದು. ನಿರ್ದೇಶಕನಾದವನು ತನಗೆ ಬೇರೆ ಯಾವ ಸಂಸ್ಥೆಗಳಲ್ಲಿ ಹಿತಾಸಕ್ತಿಯಿದೆಯೆಂದು ಮಂಡಳಿಗೆ ಬರಹದಲ್ಲಿ ತಿಳಿಸಬೇಕೆಂದು ಇಂದಿನ ಕಾನೂನು ಹೇಳುತ್ತದೆ. ವಿಶ್ವೇಶ್ವರಯ್ಯನವರ ವಿಷಯದಲ್ಲಿ ಯಾವುದೂ ಗುಟ್ಟಾಗಿರಲಿಲ್ಲ. ಅವರು ಎರಡೂ ಕಡೆ ಇದ್ದುದು ಎಲ್ಲರಿಗೂ ತಿಳಿದಿತ್ತು. ಆದರೂ ಒಬ್ಬ ವ್ಯಕ್ತಿಯ ಪ್ರಾಮಾಣಿಕತೆಯನ್ನೇ ನೆಚ್ಚಿಕೊಂಡು ನಿಯಮವನ್ನು ಬಿಟ್ಟುಬಿಡುವುದು ಒಳ್ಳೆಯ ಪದ್ಧತಿಯಲ್ಲವೆಂದೇ ನನ್ನ ಅಭಿಪ್ರಾಯ. ಅವರಂಥವರು ಎಲ್ಲ ಕಾಲದಲ್ಲಿಯೂ ಸಿಕ್ಕುವುದಿಲ್ಲ.

ಅವರು ಮಂಡಳಿಯನ್ನು ಸೇರಿದ ಮರುವರ್ಷವೇ ಜಮ್‌ಷೆಡ್‌ಪುರದಲ್ಲಿ ದೊಡ್ಡ ಮುಷ್ಕರವಾಯಿತು. ಖರ್ಚನ್ನು ಇಳಿಸಬೇಕೆಂಬುದು ಕಂಪನಿಯ ಒತ್ತಾಯ. ಕೆಲಸ ಹೋಗುತ್ತದೆಂಬುದು ಕಾರ್ಮಿಕರ ಭಯ. ತಿಂಗಳುಗಟ್ಟಲೆ ಕಾರ್ಖಾನೆಯ ಕೆಲಸ ಕೆಟ್ಟಿತು. ಕೊನೆಗೆ 1928ರ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಪರವಾಗಿ ನಿಂತ ಸುಭಾಷ್ ಚಂದ್ರ ಬೋಸರ ಪ್ರಯತ್ನದಿಂದ ಒಪ್ಪಂದವಾಯಿತು. ಕಾಗದದ ಮೇಲೆ ವೆಚ್ಚದ ಒಂದು ಅಂಕಿಯನ್ನು ಹೊಡೆದುಹಾಕಿದಾಗ, ಎಲ್ಲಿಯೋ ಒಂದು ಮನೆಯ ಒಲೆ ಆರುತ್ತದೆಂಬುದು ಮಂಡಳಿಯ ಮೇಜಿನ ಸುತ್ತ ಕುಳಿತವರಿಗೆ ಕಾಣುವುದು ಕಷ್ಟ. ಅವರೂ ಸಭೆಯಲ್ಲಿದ್ದ ಆ ಮಂಡಳಿಗೆ 1928ರ ಅನುಭವ ಅದನ್ನು ಕಾಣಿಸಿತು. ವಿಶ್ವೇಶ್ವರಯ್ಯನವರ ಬರಹಗಳಲ್ಲಿ ಯಂತ್ರ, ಬಂಡವಾಳ, ಶಿಸ್ತು ಇವುಗಳ ಮಾತು ಧಾರಾಳವಾಗಿರುವಷ್ಟು ಕಾರ್ಮಿಕನ ಮಾತು ಇಲ್ಲವೆಂಬುದನ್ನು ಓದಿದವರು ಬಲ್ಲರು.

1938ರಲ್ಲಿ ಕಂಪನಿಗೆ ಹೊಸ ಅಧ್ಯಕ್ಷರು ಬಂದರು. ಅವರೇ ಜೆ. ಆರ್. ಡಿ. ಟಾಟಾ. ಅವರ ವಯಸ್ಸು ಮೂವತ್ತನಾಲ್ಕು. ವಿಶ್ವೇಶ್ವರಯ್ಯನವರದು ಎಪ್ಪತ್ತರ ಮೇಲೆ ಏಳು. ನಮ್ಮ ಮನೆಗಳಲ್ಲಾದರೆ ಮೊಮ್ಮಗನ ವಯಸ್ಸಿನವನು ಯಜಮಾನಿಕೆ ಮಾಡುವಾಗ ಅಜ್ಜನಾದವನು ಪಡಸಾಲೆಯ ಮೂಲೆಯನ್ನು ಹಿಡಿಯುತ್ತಾನೆ, ಇಲ್ಲವೆ ಮಾತುಮಾತಿಗೂ ತಕರಾರು ತೆಗೆಯುತ್ತಾನೆ. ಅವರು ಎರಡನ್ನೂ ಮಾಡದೆ, ಆ ಯುವಕ ಅಧ್ಯಕ್ಷರ ಮಂಡಳಿಯಲ್ಲಿ ಮುಂದೆ ಹದಿನೇಳು ವರ್ಷ ಸದಸ್ಯರಾಗಿದ್ದರು. ಎರಡನೆಯ ಮಹಾಯುದ್ಧ, ಸ್ವಾತಂತ್ರ್ಯ, ದೇಶವಿಭಜನೆ, ಮೊದಲನೆಯ ಪಂಚವಾರ್ಷಿಕ ಯೋಜನೆ ಎಲ್ಲವೂ ಆ ಅವಧಿಯಲ್ಲಿ ಬಂದುಹೋದುವು. ಯೋಜನೆಯಿಂದ ದೇಶವನ್ನು ಕಟ್ಟಬೇಕೆಂದು ಅವರು 1934ರಲ್ಲಿಯೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು. 1941ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ತಯಾರಕರ ಸಂಘಕ್ಕೂ ಅವರು ಅಧ್ಯಕ್ಷರಾದರು. ಮೋಟಾರು ಕಾರಿನ ಕಾರ್ಖಾನೆಗಾಗಿ ಅವರು ಪಟ್ಟ ಪ್ರಯಾಸ ಇನ್ನೊಂದು ಪಾಠಕ್ಕಾಗುವಷ್ಟಿದೆ.

1955ರಲ್ಲಿ, ತೊಂಬತ್ತು ದಾಟಿದ ಪ್ರಾಯದಲ್ಲಿ, ಅವರು ಟಾಟಾ ಕಂಪನಿಯ ಮಂಡಳಿಯಿಂದ ನಿವೃತ್ತರಾದರು. ಅದೇ ವರ್ಷ ಅವರಿಗೆ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಅವರು ತೀರಿಕೊಂಡ ವರ್ಷವೇ ಭದ್ರಾವತಿಯ ಕಾರ್ಖಾನೆ ಸರ್ಕಾರದ ಇಲಾಖೆಯಾಗಿ ಉಳಿಯದೆ, ತನ್ನದೇ ನಿರ್ದೇಶಕ ಮಂಡಳಿಯುಳ್ಳ ಕಂಪನಿಯಾಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಡಲಾಯಿತು. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಮೊದಲ ಕುಲುಮೆ ಹೊತ್ತಿಕೊಂಡು ಸರಿಯಾಗಿ ನೂರು ವರ್ಷಗಳಾದ 2023ರ ಜನವರಿಯಲ್ಲಿ, ಆ ಪ್ರಾಧಿಕಾರದ ನಿರ್ದೇಶಕ ಮಂಡಳಿ ನಷ್ಟದ ಕಾರಣದಿಂದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಕೈಗೊಂಡಿತು. ಕಾರ್ಮಿಕರು ಪ್ರತಿಭಟಿಸಿದರು, ಊರಿನವರೂ ಅವರೊಡನೆ ಸೇರಿದರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಬ್ಬಿಣದ ಸರಳುಗಳನ್ನು ತಯಾರಿಸುವ ವಿಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತು.